ಗೂಢಚಾರನ ವೇಷ ಯಾರಿಗೆ ಒಪ್ಪುತ್ತದೆ?

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸುಮಾರು 30 ಕಿಲೋಮೀಟರುಗಳ ದಾರಿ. ಸೊಲ್ಲಾಪುರದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು, ಸಸ್ತಾಪುರ ಬಂಗ್ಲಾದ ಬಳಿ ಬಲಕ್ಕೆ ಹೊರಳಿದರೆ ಕಲ್ಯಾಣದ ಕೋಟೆ ದೂರವಿಲ್ಲ. ಬಸ್ಸು ಈ ದಾರಿಯನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ಆದರೆ ಅದೇ ಬಸ್ಸಿನಲ್ಲಿ ಕುಳಿತು ನಾವು ಮೂವರು ಗೆಳೆಯರು ಆರಂಭಿಸಿದ ವಾದವೊಂದು ಅರ್ಧ ಶತಮಾನ ಕಳೆದರೂ ಮುಗಿದಿಲ್ಲ.

ನಮ್ಮಲ್ಲೊಬ್ಬರು ಬಸವಕಲ್ಯಾಣದವರು, ಶಾಲೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತರಾದವರು. ಇನ್ನೊಬ್ಬರು ಹುಮನಾಬಾದಿನ ಬಟ್ಟೆ ವ್ಯಾಪಾರಿ. ಮೂರನೆಯವನು ನಾನು. ವಾದದ ವಿಷಯವನ್ನು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ತುಸು ಸಂಕೋಚವೇ ಆಗುತ್ತದೆ: 116 ಮೇಲೋ, 999 ಮೇಲೋ?

ಇವು ಗಣಿತದ ಸಂಖ್ಯೆಗಳಲ್ಲ. ಬೆಳ್ಳಿತೆರೆಯ ಗೂಢಚಾರರ ಗುರುತುಗಳು. ಇಂಗ್ಲೆಂಡಿನ ಇಯಾನ್ ಫ್ಲೆಮಿಂಗ್ 1953ರಲ್ಲಿ ತನ್ನ ಮೊದಲ ಕಾದಂಬರಿಯಲ್ಲಿ ಕಂಡರಿಸಿದ ಜೇಮ್ಸ್ ಬಾಂಡ್, 1962ರಲ್ಲಿ 'ಡಾಕ್ಟರ್ ನೋ' ಚಿತ್ರದ ಮೂಲಕ ತೆರೆಗೆ ಬಂದ. ಅವನ 007 ಎಂಬ ಅಂಕೆ ಎಷ್ಟು ಮೋಹಕವಾಯಿತೆಂದರೆ ನಮ್ಮ ದೇಶದ ಭಾಷೆಗಳೂ ತಮಗೊಂದು ಅಂಕೆಯನ್ನು ಹುಡುಕತೊಡಗಿದವು. ತೆಲುಗಿನಲ್ಲಿ 1966ರಲ್ಲಿ ಕೃಷ್ಣ ಅವರು 'ಗೂಢಚಾರಿ 116' ಆದರು. ಮರುವರ್ಷ ಅದೇ ಕಥೆ ಹಿಂದಿಯಲ್ಲಿ 'ಫರ್ಜ್' ಆಗಿ, ಜಿತೇಂದ್ರರು ಆ ಅಂಕೆಯನ್ನು ಧರಿಸಿದರು. 1968ರಲ್ಲಿ ದೊರೆ–ಭಗವಾನ್ ಜೋಡಿಯ 'ಜೇಡರ ಬಲೆ' ಬಂದಿತು. ಅದರಲ್ಲಿ ಸಿ.ಐ.ಡಿ. 999 ಆದವರು ರಾಜಕುಮಾರ್. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷಗಳ ಬಿಡುವಿನ ತರುವಾಯ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಹೀಗೆ ನಾಲ್ಕು ಚಿತ್ರಗಳು, ಹತ್ತು ವರ್ಷಗಳು, ಒಬ್ಬನೇ ನಾಯಕ.

ನಮ್ಮ ಊರುಗಳಲ್ಲಿ ಈ ವಾದ ಏಕೆ ಅಷ್ಟು ಕಾವೇರಿತೆಂಬುದನ್ನು ತಿಳಿಯಬೇಕಾದರೆ ಊರುಗಳ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೊಡನೆ ಅಂದಿನ ಮೈಸೂರು ರಾಜ್ಯವನ್ನು ಸೇರಿದ ಊರುಗಳಿವು. ಕಚೇರಿಯ ಭಾಷೆ ಬಹುಕಾಲ ಉರ್ದು, ಪೇಟೆಯದು ದಖನಿ, ಪಶ್ಚಿಮದ ನೆಂಟರು ಮರಾಠಿ ಆಡಿದರೆ ಪೂರ್ವದ ನೆಂಟರು ತೆಲುಗು ಆಡುವರು. ಕನ್ನಡವು ಒಲೆಯ ಮುಂದೆ, ಹೊಲದ ಬದುವಿನ ಮೇಲೆ, ಭಜನೆಯ ತಾಳದ ನಡುವೆ ಬಾಳುತ್ತಿತ್ತು. ಪೇಟೆಗೆ ಕಾಲಿಟ್ಟೊಡನೆ ನಾವು ಹುಡುಗರು ಅದನ್ನು ಅಂಗಿಯ ಒಳಜೇಬಿಗೆ ಸೇರಿಸಿ ದಖನಿಗೆ ತೊಡಗುತ್ತಿದ್ದೆವು. ಅದನ್ನು ಯಾರೂ ಕಲಿಸಿರಲಿಲ್ಲ. ಇಂದು ಯೋಚಿಸಿದರೆ ನಾವೂ ಒಂದು ಬಗೆಯ ಗೂಢಚಾರರೇ ಆಗಿದ್ದೆವೆಂದು ತೋರುತ್ತದೆ.

ಹಿಂದಿ ಚಿತ್ರಗಳು ನಮ್ಮಲ್ಲಿಗೆ ತಾವಾಗಿ ಬರುತ್ತಿದ್ದವು; ಕನ್ನಡ ಚಿತ್ರವನ್ನು ನಾವು ಹುಡುಕಿಕೊಂಡು ಹೋಗಬೇಕಾಗಿತ್ತು. 'ಫರ್ಜ್' ನೋಡಿ ಬಂದ ನಮ್ಮ ವ್ಯಾಪಾರಿ ಮಿತ್ರರು, ಆಗಿನ್ನೂ ಹೈಸ್ಕೂಲಿನ ಹುಡುಗ, ಜಿತೇಂದ್ರರಂತೆ ಬಿಳಿಯ ಪ್ಯಾಂಟು ಹೊಲಿಸಿಕೊಂಡರು. "ನಿಮ್ಮ ಕನ್ನಡದಲ್ಲೂ ಒಬ್ಬ ಗೂಢಚಾರ ಬಂದಿದ್ದಾನಂತೆ. ಪಿಸ್ತೂಲು ಹಿಡಿದು ಕೀರ್ತನೆ ಹಾಡುತ್ತಾನೋ?" ಎಂದು ಅವರು ನಕ್ಕಾಗ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ನಗೆಯ ನೆನಪು ನನಗೆ ಇಂದಿಗೂ ಹಿತವಲ್ಲ.

ಆದರೆ ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಕಣ್ಣು ಕಿತ್ತು ಶಿವನಿಗೆ ಕೊಟ್ಟವರು ರಾಜಕುಮಾರ್. 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ, 1964ರಲ್ಲಿ ಪುರಂದರದಾಸ, 1965ರಲ್ಲಿ ಸರ್ವಜ್ಞ, 1966ರಲ್ಲಿ ಮಂತ್ರಾಲಯದ ರಾಘವೇಂದ್ರ ಸ್ವಾಮಿ. ತೆರೆಯ ಮೇಲಿನ ರಾಯರಿಗೆ ನಮ್ಮ ಅಜ್ಜಿ ಕುಳಿತಲ್ಲಿಂದಲೇ ಕೈಮುಗಿದಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಮುಖ ಸೂಟು ತೊಟ್ಟು, ಕ್ಲಬ್ಬಿನ ಕುಣಿತದ ನಡುವೆ, ಶತ್ರುವಿನ ಎದೆಗೆ ಗುರಿಯಿಟ್ಟು ನಿಂತರೆ ಕೈಮುಗಿದವರು ಏನು ಮಾಡಬೇಕು? ಅಭಿಮಾನಿಗಳಲ್ಲಿ ಹುಟ್ಟಿದ ಮೊದಲ ಭಿನ್ನಾಭಿಪ್ರಾಯವೇ ಇದು. ಸಂತನ ಪಾತ್ರ ವಹಿಸಿದವರು ಪತ್ತೇದಾರರಾಗಬಾರದೆಂದು ಕೆಲವರು; ಪತ್ತೇದಾರನಾದರೂ ಆತ ಬಾಂಡನಂತೆ ನಡೆಯಬಾರದೆಂದು ಇನ್ನು ಕೆಲವರು. ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರದು ಇನ್ನೊಂದು ಗುಂಪು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಅವರು ಮನಸ್ಸಿನಲ್ಲಿ ಆಗಲೇ ಒಂದು ಮುಖ ಕೊಟ್ಟಿದ್ದರು. ತೆರೆಯ ಯಾವ ಮುಖವೂ ಅದಕ್ಕೆ ಹೊಂದಲಿಲ್ಲ.

ಬಸ್ಸಿನ ವಾದದಲ್ಲಿ ಈ ಘಟ್ಟ ಬಂದಾಗಲೆಲ್ಲ ನಮ್ಮ ಇತಿಹಾಸದ ಮೇಷ್ಟರು ತಮ್ಮ ಊರನ್ನು ಸಾಕ್ಷಿಗೆ ಕರೆಯುತ್ತಾರೆ. "ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಬಹುರೂಪಿ ಚೌಡಯ್ಯನೆಂಬವನಿದ್ದ. ವೇಷ ಹಾಕಿ ಜನರನ್ನು ರಂಜಿಸುವುದೇ ಅವನ ಕಾಯಕ. ಇಂದು ರಾಜ, ನಾಳೆ ತಿರುಕ. ಅದಕ್ಕಾಗಿ ಅವನನ್ನು ಶರಣರು ದೂರವಿಟ್ಟರೇ? ಒಬ್ಬ ವಚನಕಾರನೆಂದು ಪಕ್ಕದಲ್ಲಿ ಕೂರಿಸಿಕೊಂಡರು. ವೇಷ ಬದಲಾಯಿಸುವುದು ಕಪಟವಲ್ಲ, ಕಾಯಕ. ರಾಜಕುಮಾರರು ನಾಟಕದ ಕಂಪೆನಿಯಿಂದ ಬಂದವರು. ಅವರಿಗೆ ಕಾವಿಯೂ ವೇಷವೇ, ಸೂಟೂ ವೇಷವೇ." ಈ ಮಾತಿಗೆ ವ್ಯಾಪಾರಿ ಮಿತ್ರರು ಉತ್ತರ ಹೇಳಿದ್ದನ್ನು ನಾನು ಕಂಡಿಲ್ಲ. ಅವರು ಮಾತು ಬದಲಿಸಿ ನೇರವಾಗಿ ಇಂಗ್ಲೆಂಡಿಗೆ ಹೋಗುತ್ತಾರೆ.

ಇಂಗ್ಲಿಷ್ ಸರಣಿಯ ಪದ್ಧತಿಯೇ ಬೇರೆ. ಅಲ್ಲಿ ಪಾತ್ರ ನಿಲ್ಲುತ್ತದೆ, ನಟ ಬದಲಾಗುತ್ತಾನೆ. 1962ರಿಂದ 2021ರವರೆಗಿನ 25 ಚಿತ್ರಗಳಲ್ಲಿ ಆರು ಮಂದಿ ಬಾಂಡರಾದರು: ಷಾನ್ ಕಾನರಿ, ಜಾರ್ಜ್ ಲೇಜನ್‌ಬಿ, ರೋಜರ್ ಮೂರ್, ಟಿಮೊತಿ ಡಾಲ್ಟನ್, ಪಿಯರ್ಸ್ ಬ್ರಾಸ್ನನ್, ಡೇನಿಯಲ್ ಕ್ರೇಗ್. ಪ್ರತಿಯೊಬ್ಬರು ಬಂದಾಗಲೂ ಅಭಿಮಾನಿಗಳು ಮುನಿದರು. ಕಾನರಿಯ ಆಯ್ಕೆ ಮೊದಲು ಫ್ಲೆಮಿಂಗ್‌ಗೇ ಹಿಡಿಸಿರಲಿಲ್ಲ. ಚಿತ್ರ ಗೆದ್ದ ಮೇಲೆ ಅವರು ಮನಸ್ಸು ಬದಲಿಸಿ, 1964ರ ಕಾದಂಬರಿಯಲ್ಲಿ ಬಾಂಡನ ತಂದೆ ಸ್ಕಾಟ್ಲೆಂಡಿನವನೆಂದು ಬರೆದರು. ಕಾನರಿಯೂ ಸ್ಕಾಟ್ಲೆಂಡಿನವನೇ ತಾನೆ! ಲೇಜನ್‌ಬಿ 1969ರ ಒಂದೇ ಚಿತ್ರಕ್ಕೆ ನಿಂತರು. 2005ರಲ್ಲಿ ಕ್ರೇಗ್ ಆಯ್ಕೆಯಾದಾಗ ಅವರ ಹೊಂಗೂದಲೇ ದೊಡ್ಡ ಅಪರಾಧವಾಯಿತು. ಮರುವರ್ಷ ಚಿತ್ರ ಬಂದಾಗ ಅದೇ ಜನ ಕೊಂಡಾಡಿದರು.

ನಮ್ಮಲ್ಲಿ ಹೀಗಾಗಲಿಲ್ಲ. ನಮ್ಮಲ್ಲಿ ನಟ ನಿಂತ, ಪಾತ್ರ ಅವನಿಗೆ ತಕ್ಕಂತೆ ಬಾಗಿತು. 999ರ ಹೆಸರು ಪ್ರಕಾಶ್. ಕತ್ತಲಲ್ಲಿ ದುಡಿಯಬೇಕಾದ ಗೂಢಚಾರನಿಗೆ ಬೆಳಕೆಂಬ ಹೆಸರು! ಆತ ಬಾಂಡನ ಚುರುಕನ್ನು ತೆಗೆದುಕೊಂಡರೂ ನೋಡುವವರ ಕಣ್ಣಿನಲ್ಲಿ ಮನೆಯ ಹಿರಿಯ ಮಗನೇ ಆಗಿ ಉಳಿದ. ರಾಜಕುಮಾರರ ಸ್ಥಾನದಲ್ಲಿ ಇನ್ನೊಬ್ಬರು 999 ಆಗಬಹುದೇ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದರ ಫಲವಾಗಿ ಆ ನಟ ಬೇರೆ ಕಥೆಗಳತ್ತ ಹೊರಳಿದಾಗ ಸರಣಿಯೂ ನಿಂತಿತು. ಪ್ರೀತಿ ಅತಿಯಾದರೆ ಪಾತ್ರಕ್ಕೆ ಆಯುಷ್ಯ ಕಡಿಮೆಯೆಂದು ವ್ಯಾಪಾರಿ ಮಿತ್ರರು ಹೇಳುವುದು ಇದನ್ನೇ. ಈ ಒಂದು ಮಾತನ್ನು ನಾನು ಒಪ್ಪುತ್ತೇನೆ.

ಆದರೂ 999 ಬದಲಾಗಲೇ ಇಲ್ಲವೆನ್ನುವಂತಿಲ್ಲ. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜಕುಮಾರರಿಗೆ ಹಾಡಿನ ದನಿ ಕೊಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ತರುವಾಯ ರಾಜಕುಮಾರರು ತಾವೇ ಹಾಡತೊಡಗಿದರು. ಹೀಗಾಗಿ 1978ರಲ್ಲಿ ಮುಖ ಅದೇ, ಕಂಠ ಬೇರೆ! ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಅವರು ಇಂಗ್ಲಿಷ್ ನುಡಿಗಳ ಹಾಡನ್ನೇ ಹಾಡಿದರು. ಮೇಷ್ಟರು ಇಂದಿಗೂ ಶ್ರೀನಿವಾಸರ ಪಕ್ಷ. ನಾನು ರಾಜಕುಮಾರರ ಪಕ್ಷ. ಈ ಉಪವಾದ ಒಮ್ಮೆ ಸಸ್ತಾಪುರ ಬಂಗ್ಲಾದಿಂದ ಕಲ್ಯಾಣದ ನಿಲ್ದಾಣದವರೆಗೂ ನಡೆಯಿತು.

ಕಳೆದ ಸಲ ನಮ್ಮೊಡನೆ ಮೇಷ್ಟರ ಮೊಮ್ಮಗಳೂ ಇದ್ದಳು, ಕಾಲೇಜಿನ ವಿದ್ಯಾರ್ಥಿನಿ. ನಮ್ಮ ಗದ್ದಲವನ್ನು ಸಾವಧಾನವಾಗಿ ಕೇಳಿ ಒಂದು ಪ್ರಶ್ನೆ ಹಾಕಿದಳು. "ನಾಯಕಿ ಯಾರು ಯಾರು?" ನಾವು ಪಾಠ ಒಪ್ಪಿಸಿದೆವು: 'ಜೇಡರ ಬಲೆ'ಯಲ್ಲಿ ಜಯಂತಿ, ಗೋವಾದ ಚಿತ್ರದಲ್ಲಿ ಲಕ್ಷ್ಮಿ, 'ಜಾಕ್‌ಪಾಟ್‌'ನಲ್ಲಿ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ, ಕಡೆಯದರಲ್ಲಿ ಪದ್ಮಪ್ರಿಯ. "ಹಾಗಾದರೆ ನಾಲ್ಕು ಸಲವೂ ಆಯ್ಕೆ ನಡೆದದ್ದು ಅವರದೇ. ಅದರ ಬಗ್ಗೆ ನೀವು ಐವತ್ತು ವರ್ಷಗಳಲ್ಲಿ ಒಮ್ಮೆಯೂ ಜಗಳವಾಡಿಲ್ಲವಲ್ಲ! ಅವರಲ್ಲೊಬ್ಬರು 999 ಆಗಬಹುದೆಂದು ಯಾರಿಗೂ ಹೊಳೆಯಲಿಲ್ಲವೇ?"

ನಾವು ಕಿಟಕಿಯ ಹೊರಗೆ ನೋಡಿದೆವು. ತೊಗರಿಯ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ಮೊದಲು ಚೇತರಿಸಿಕೊಂಡವರು ಮೇಷ್ಟರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದದ್ದು ಕನ್ನಡನಾಡೇ. 1905ರಲ್ಲಿ ಮೈಸೂರಿನಲ್ಲಿ ಅದರ ಓಲೆಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಕೌಟಿಲ್ಯನು ಬೇಹಿನವರನ್ನು ಆರಿಸುವ ಬಗೆಯನ್ನೇ ಹೇಳಿದ್ದಾನೆ. ವಿದ್ಯಾರ್ಥಿಯ ವೇಷದವನು, ಒಕ್ಕಲಿಗನ ವೇಷದವನು, ವರ್ತಕನ ವೇಷದವನು, ತಪಸ್ವಿಯ ವೇಷದವನು. ಅವರ ಜೊತೆಯಲ್ಲೇ ಭಿಕ್ಷುಕಿ, ಪರಿವ್ರಾಜಿಕೆಯರೂ ಇದ್ದಾರೆ. "ನಿನ್ನ ಮಾತೇ ಸರಿ ಮಗು," ಎಂದರು ಮೇಷ್ಟರು. "ಕೌಟಿಲ್ಯನಿಗೆ ಹೊಳೆದದ್ದು ನಮಗೆ ಹೊಳೆಯಲಿಲ್ಲ. ಇಂಗ್ಲಿಷರಿಗೂ ತಡವಾಗಿಯೇ ಹೊಳೆಯಿತು. ಬಾಂಡನ ಮೇಲಧಿಕಾರಿಯ ಪಾತ್ರಕ್ಕೆ ಅವರು ಜೂಡಿ ಡೆಂಚ್ ಅವರನ್ನು ತಂದದ್ದು 1995ರಲ್ಲಿ." ಬಳಿಕ ತಮ್ಮ ಊರಿನ ದಿಕ್ಕಿಗೆ ಕೈಮಾಡಿ, "ಚಾಲುಕ್ಯರ ರಾಜಧಾನಿಯಾಗಿದ್ದ ಈ ಕಲ್ಯಾಣದಲ್ಲಿ ಎಷ್ಟು ಬೇಹುಗಾರರಿದ್ದರೋ! ಅವರಲ್ಲಿ ಒಬ್ಬರ ಹೆಸರೂ ನನಗೆ ತಿಳಿಯದು. ಅವರ ಯೋಗ್ಯತೆಗೆ ಅದೇ ಸಾಕ್ಷಿ," ಎಂದರು.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ನನ್ನತ್ತ ತಿರುಗಿ, "ನಿಮಗೆ 999 ಏಕೆ ಅಷ್ಟು ಇಷ್ಟ?" ಎಂದಳು. ಗೆಳೆಯರಿಗೂ ಅದುವರೆಗೆ ಹೇಳಿರದ ಸಂಗತಿಯನ್ನು ಅಂದು ಹೇಳಿದೆ.

'ಜೇಡರ ಬಲೆ'ಯನ್ನು ನಾನು ನೋಡಿದ್ದು ಇಂದು ಕಲಬುರಗಿಯಾಗಿರುವ ಗುಲಬರ್ಗಾದಲ್ಲಿ, ಸೋದರಮಾವನ ಜೊತೆ. ಕಥೆಯ ತಿರುವುಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಸೂಟು ತೊಟ್ಟು ಓಡಾಡುವ ಆ ಮನುಷ್ಯ, ಪಿಸ್ತೂಲಿಗೂ ಕಾರಿಗೂ ಒಗ್ಗಿದವನು, ಕನ್ನಡ ಆಡುತ್ತಿದ್ದ. ಅಂಥ ಮನುಷ್ಯ ಕನ್ನಡ ಆಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕನಕದಾಸರು ಕನ್ನಡ ಆಡಿದರೆ ಆಶ್ಚರ್ಯವೇನು? ಅಜ್ಜಿ ಆಡುವ ಭಾಷೆ ಅದು. ಆದರೆ ಅಪಾಯದ ನಡುವೆ, ಅವಸರದಲ್ಲಿ, ನಾಳಿನ ಜಗತ್ತಿನ ಯಂತ್ರಗಳ ಜೊತೆಯಲ್ಲಿ ಅದೇ ಭಾಷೆ ನಾಚದೆ ನಿಂತದ್ದು ನನಗೆ ಹೊಸತು. ತರಗತಿಯಲ್ಲಿ ನಾವು ನಕ್ಕದ್ದು ರಾಜಕುಮಾರರನ್ನು ಕುರಿತಲ್ಲ. ಈ ಪಾತ್ರಕ್ಕೆ ಕನ್ನಡ ಒಪ್ಪದೆಂದು ನಕ್ಕಿದ್ದೆವು. ಮರುದಿನ ಊರಿಗೆ ಮರಳಿ, ಪೇಟೆಯ ಅಂಗಡಿಯಲ್ಲಿ ಮೊದಲ ಸಲ ಕನ್ನಡದಲ್ಲಿ ಎಣ್ಣೆ ಕೇಳಿದೆ. ಅಂಗಡಿಯವರು ಸಹಜವಾಗಿ ಕನ್ನಡದಲ್ಲೇ ಬೆಲೆ ಹೇಳಿದರು. ಅವರ ಮನೆಯ ಮಾತೂ ಕನ್ನಡವೇ ಆಗಿತ್ತು! ಎಷ್ಟು ವರ್ಷಗಳಿಂದ ನಾವಿಬ್ಬರೂ ಒಬ್ಬರಿಗೊಬ್ಬರು ವೇಷ ಹಾಕಿಕೊಂಡು ದಖನಿ ಆಡುತ್ತಿದ್ದೆವೋ!

ದಖನಿಯ ಮೇಲಾಗಲಿ ಹಿಂದಿಯ ಮೇಲಾಗಲಿ ನನಗೆ ಮುನಿಸಿಲ್ಲ. ಹುಮನಾಬಾದಿನ ಪಕ್ಕದಲ್ಲೇ ಇರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದವರು. ಆ ಹವೆಯಲ್ಲಿ ಬೆಳೆದವನಿಗೆ ಭಾಷಾದ್ವೇಷ ಸಲ್ಲದು. ಆದರೆ ಹಲವು ಭಾಷೆಗಳ ರಂಗದಲ್ಲಿ ತನ್ನದಕ್ಕೆ ಮಾತ್ರ ಸದಾ ಮುದುಕಿಯ ಪಾತ್ರವೇ ಸಿಗುತ್ತಿದ್ದರೆ ಹುಡುಗನ ಮನಸ್ಸಿಗೆ ಏನಾಗುತ್ತದೆಂಬುದನ್ನು ನಾನು ಬಲ್ಲೆ. 999ರ ಚಿತ್ರಗಳು ಮಹಾಕೃತಿಗಳೆಂದು ನಾನು ವಾದಿಸುವುದಿಲ್ಲ. ಅದೇ ನಿರ್ದೇಶಕರು, ಅದೇ ನಟರು ಸೇರಿ 1971ರಲ್ಲಿ ಕೊಟ್ಟ 'ಕಸ್ತೂರಿ ನಿವಾಸ'ದ ಮುಂದೆ ಇವು ಆಟಿಕೆಗಳು. ಆದರೆ ಆಟಿಕೆಯಿಂದ ಕಲಿಯುವ ವಯಸ್ಸಿನಲ್ಲಿ ಅವು ನನ್ನ ಕೈಗೆ ಬಂದವು.

ನಾನು ಹೇಳಿ ಮುಗಿಸಿದಾಗ ವ್ಯಾಪಾರಿ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, "ಅಂದು ನಕ್ಕದ್ದು ತಪ್ಪು," ಎಂದರು. ನಿಲ್ದಾಣದಲ್ಲಿ ಇಳಿದು ಕೋಟೆಯ ಕಡೆಗೆ ನಾಲ್ಕು ಹೆಜ್ಜೆ ನಡೆದ ಮೇಲೆ ಅವರೇ ತಿರುಗಿ ನಿಂತು, "ಆದರೂ ಕುಣಿತದಲ್ಲಿ ಜಿತೇಂದ್ರನೇ ಮೇಲು," ಎಂದರು. ಮೇಷ್ಟರು ಛತ್ರಿ ಎತ್ತಿದರು. ವಾದ ಮತ್ತೆ ಆರಂಭವಾಯಿತು.