ತೊಗಲುಗೊಂಬೆಗೊಂದು ನೆಲೆ

ಬ್ಯಾಟರಾಯನಪುರದ ಮೂಲಕ ಹಾಯ್ದುಹೋಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂಬ ಹೆಸರು ರೂಢಿಯಲ್ಲಿದೆ. ಆ ಬಳ್ಳಾರಿ ಸೀಮೆಯು ತೊಗಲುಗೊಂಬೆಯಾಟದ ತವರುಗಳಲ್ಲೊಂದು. ಅದೇ ದಾರಿಯಲ್ಲಿ ತೆಂಕಲಾಗಿ ನಗರವನ್ನು ಹೊಕ್ಕು ಕುಮಾರಕೃಪಾ ರಸ್ತೆಗೆ ಬಂದರೆ, ಆ ಗೊಂಬೆಗಳಿಗೆ ನೆಲೆಯಿತ್ತ ಕರ್ನಾಟಕ ಚಿತ್ರಕಲಾ ಪರಿಷತ್ತು ಎದುರಾಗುತ್ತದೆ. 1960ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಚಿತ್ರಶಾಲೆಗಳ ನಡುವೆ ತೊಗಲುಗೊಂಬೆಗಳ ವಿಭಾಗವು ತಾನೇ ಒಂದು ಕಿರು ವಸ್ತುಸಂಗ್ರಹಾಲಯವೆನ್ನಬಹುದು.

ಈ ಗೊಂಬೆಯ ನಿರ್ಮಾಣ ಸುಲಭಸಾಧ್ಯವಾದುದಲ್ಲ. ಮೇಕೆಯ ಚರ್ಮದ ರೋಮವನ್ನು ತೆಗೆದು, ಬೆಳಕು ತೂರುವಷ್ಟು ತೆಳುವಾಗುವಂತೆ ಹೆರೆದು ಒಣಗಿಸುತ್ತಾರೆ. ಅದರ ಮೇಲೆ ಆಕೃತಿಯನ್ನು ಬರೆದು, ಎರಡು ಮೈಗೂ ಬಣ್ಣ ತುಂಬಿ, ಒಡವೆ ವಸ್ತ್ರಗಳ ವಿನ್ಯಾಸವನ್ನು ಸಣ್ಣ ರಂಧ್ರಗಳಿಂದ ಕೊರೆಯುತ್ತಾರೆ. ಕೊನೆಗೆ ಸೀಳಿದ ಬಿದಿರುಕಡ್ಡಿಯ ಆಸರೆ ಕಟ್ಟುತ್ತಾರೆ. ದೇವತೆಗಳು, ಅರಸರು ದೊಡ್ಡ ಗೊಂಬೆಗಳು, ಸೇವಕರು ಚಿಕ್ಕವು. ಬಿಳಿಯ ಪರದೆಯ ಹಿಂದೆ ದೀಪ ಬೆಳಗಿದಾಗ ಆ ರಂಧ್ರಗಳೇ ಮುತ್ತುರತ್ನಗಳಾಗಿ ಹೊಳೆಯುತ್ತವೆ.

ರಾಮಾಯಣ, ಮಹಾಭಾರತದ ಕಥೆಗಳನ್ನು ಊರಿಂದೂರಿಗೆ ಹೊತ್ತು ತಿರುಗಿದವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಜನ. ಮಳೆ ಬಾರದ ವರ್ಷ ಆಟವಾಡಿಸುವ ಪದ್ಧತಿಯೂ ಹಳ್ಳಿಗಳಲ್ಲಿತ್ತು. ಹರಿದು ಹಳತಾದ ಗೊಂಬೆಯನ್ನು ಕಸಕ್ಕೆಸೆಯದೆ ಭಕ್ತಿಯಿಂದ ಹೊಳೆಗೆ ಬಿಡುವುದು ಅವರ ರೂಢಿ. ಆಟ ನಡೆಯುತ್ತಿದ್ದಷ್ಟು ಕಾಲ ಇದರಿಂದ ಹಾನಿಯಿರಲಿಲ್ಲ; ಹಳೆಯದು ಹೋದಂತೆ ಹೊಸದು ಹುಟ್ಟುತ್ತಿತ್ತು. ಆದರೆ ಚಲನಚಿತ್ರವು ಹಳ್ಳಿಯ ಇರುಳುಗಳನ್ನು ಆವರಿಸಿ, ಆಟ ಕೇಳುವವರು ಕಡಿಮೆಯಾದ ಮೇಲೆ, ಹೋದುದು ಹೋಗಿಯೇ ಬಿಡುವ ಸ್ಥಿತಿ ಒದಗಿತು.

ಪರಿಷತ್ತಿನ ಕಟ್ಟಾಳುಗಳಲ್ಲೊಬ್ಬರಾದ ಕಲಾವಿದ ಎಂ. ಎಸ್. ನಂಜುಂಡರಾವ್ ಅವರ ಸೇವೆಯ ಮಹತ್ತ್ವ ಇಲ್ಲಿದೆ. ಅನ್ಯರು ಅಲೆಮಾರಿಗಳ ಆಟದ ಸಾಮಗ್ರಿಯೆಂದು ಕಂಡುದರಲ್ಲಿ ಅವರು ಉತ್ತಮ ಚಿತ್ರಕಲೆಯನ್ನು ಕಂಡರು. ಗೊಂಬೆಗಳನ್ನು ಸಂಗ್ರಹಿಸಿದರು, ಅವುಗಳ ಕುರಿತು ಗ್ರಂಥವನ್ನೂ ರಚಿಸಿದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿಯೂ ತೊಗಲುಗೊಂಬೆಗಳಿಗೆ ಸ್ಥಾನ ದೊರೆತಿದೆ.

ಆದರೂ ಒಂದು ಮಾತು ಉಳಿಯುತ್ತದೆ. ಗೋಡೆಗೆ ಸೇರಿದ ಗೊಂಬೆ ರೂಪವನ್ನು ತೋರೀತು. ಆಡಿಸುವ ಕೈ, ಹಾಡುವ ಕಂಠಗಳನ್ನು ತೋರಲಾರದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಾಗ ಅವರ ವಯಸ್ಸು 96. ಆ ಕಲೆಯು ಮುಂದಿನ ತಲೆಮಾರಿಗೆ ಇಳಿಯಬೇಕಾದರೆ ಸಂಗ್ರಹಾಲಯದೊಂದಿಗೆ ಪ್ರೇಕ್ಷಕರೂ ಬೇಕು. ಶಾಲೆಗಳು ವಿದ್ಯಾರ್ಥಿಗಳನ್ನು ಕುಮಾರಕೃಪಾ ರಸ್ತೆಗೆ ಕರೆದೊಯ್ದು ಗೊಂಬೆಗಳನ್ನು ತೋರಿಸುವುದು ಸಾಧುವಾದ ಕಾರ್ಯ. ವಾರ್ಷಿಕೋತ್ಸವದ ಒಂದು ಸಂಜೆ ಮೇಳವೊಂದನ್ನು ತಕ್ಕ ಸಂಭಾವನೆಯಿತ್ತು ಬರಮಾಡಿಕೊಂಡು, ಪರದೆ ಕಟ್ಟಿಸಿ ಆಟವಾಡಿಸುವುದು ಅದಕ್ಕಿಂತಲೂ ಮಿಗಿಲಾದುದು. ದಾನಿಗಳ ನೆರವಿಗೆ ಇದು ಯೋಗ್ಯವಾದ ಪಾತ್ರ.