ಪ್ರವೇಶಪರೀಕ್ಷೆಯೂ ಬಾಕಿವಹಿಯೂ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಹೊಟೇಲಿನ ಅಡಿಗೆಯ ಭಟ್ಟರು ಗಲ್ಲಾಪೆಟ್ಟಿಗೆಯ ಬಳಿಗೆ ಬಂದು ದೊಡ್ಡ ಮೊತ್ತವೊಂದನ್ನು ಮುಂಗಡವಾಗಿ ಕೇಳಿದರು. ಮಗಳು ಹನ್ನೆರಡನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿರುವಳು. ಅವಳನ್ನು ಪ್ರವೇಶಪರೀಕ್ಷೆಯ ಕ್ಲಾಸಿಗೆ ಸೇರಿಸಬೇಕು ಎಂದರು. ಯಾವ ಪರೀಕ್ಷೆ ಎಂದು ನಾವು ಕೇಳಿದೆವು. "ಎಲ್ಲವನ್ನೂ ಬರೆಯಲಿ ಧಣಿ, ಒಂದರಲ್ಲಾದರೂ ದಡ ಸೇರಿಯಾಳು" ಎಂದು ಉತ್ತರ ಬಂತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಮೆಲ್ಲಗೆ, "ಮಾಮ, ಕ್ಲಾಸು ಬೇಡ. ನಾನೇ ಓದುತ್ತೇನೆ. ಅಪ್ಪನಿಗೆ ನೀವು ಹೇಳಿ" ಎಂದಳು.

ಎಸ್.ಎಸ್.ಎಲ್.ಸಿ.ಗೇ ವಿದ್ಯೆಗೆ ಮಂಗಳ ಹಾಡಿದ ನಾವು ಇಂಥ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ವಾಚಕರು ತಿಳಿಯಬಹುದು. ಆದರೆ ನಮ್ಮಲ್ಲಿ ಅನುಭವವೊಂದಿದೆ. ಅದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. ನಮ್ಮ ಮಗನನ್ನು ಎರಡು ವರ್ಷ ಹೆಸರಾಂತ ಕ್ಲಾಸೊಂದಕ್ಕೆ ಕಳುಹಿಸಿದೆವು. ಅವನು ಒಂದೇ ವರ್ಷ ಮೂರು ಪರೀಕ್ಷೆಗಳನ್ನು ಬರೆದು ಮೂರರಲ್ಲಿಯೂ ಹಿಂದುಳಿದನು. ಯಾವ ಕಾಲೇಜಿಗಾಗಿ ಯಾವ ಪರೀಕ್ಷೆ ಎಂದು ಕ್ಲಾಸಿನವರೂ ಕೇಳಲಿಲ್ಲ, ತಂದೆಯಾದ ನಾವೂ ಕೇಳಲಿಲ್ಲ. ಈಗ ಅವನು ಬಿ.ಕಾಂ. ಓದುತ್ತಿದ್ದಾನೆ.

ಆದುದರಿಂದ ತಂದೆ ಮಗಳಿಬ್ಬರನ್ನೂ ಕುಳ್ಳಿರಿಸಿಕೊಂಡು ಒಂದೊಂದು ಪರೀಕ್ಷೆಯ ಮಾಹಿತಿಪುಸ್ತಿಕೆಯನ್ನೂ ನೋಡಿದೆವು. ಹುಡುಗಿಗೆ ಬೇಕಾದುದು ಇಂಜಿನಿಯರಿಂಗ್. ಅಂದಮೇಲೆ ವೈದ್ಯಕೀಯದ ನೀಟ್ ಬರೆಯುವುದು ವ್ಯರ್ಥಶ್ರಮ. ಭಟ್ಟರಿಗೆ ಕರ್ನಾಟಕ ಸಿ.ಇ.ಟಿ.ಯ ಮೇಲೆ ಬಹಳ ಮಮತೆ, ಅದು "ನಮ್ಮ ಊರಿನ ಪರೀಕ್ಷೆ" ಎಂದು. ಆದರೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಅಲ್ಲಿನ ಸರಕಾರಿ ಸೀಟಿಗೆ ಸಾಮಾನ್ಯ ನಿಯಮ. ಮುಂಬಯಿಯಲ್ಲಿಯೇ ಹುಟ್ಟಿ ಓದಿದವಳಿಗೆ ಅದು ಒದಗದು. ಹೊರನಾಡ ಹಾಗೂ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ವಿಧಿಗಳಿವೆಯೆಂಬುದು ನಿಜ. ಅಂಥವರು ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾಪರೀಕ್ಷೆಗೂ ಕುಳಿತುಕೊಳ್ಳಬೇಕು. ಹುಡುಗಿ ಕನ್ನಡವನ್ನು ಅರಳು ಹುರಿದಂತೆ ಆಡುತ್ತಾಳೆ. ಅಕ್ಷರ ಮಾತ್ರ ಬಾರದು. ತಂದೆ ದಿನವೂ ಓದುವ ಈ ಪತ್ರಿಕೆಯ ಹೆಸರನ್ನೂ ಅವಳು ಓದಲಾರಳೆಂದು ಅಂದು ತಿಳಿದು ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಪ್ರವೇಶಪರೀಕ್ಷೆ ಮುಗಿದೊಡನೆ ಅಕ್ಷರಾಭ್ಯಾಸ ಮಾಡಿಸುವ ಭಾರವನ್ನು ನಾವೇ ವಹಿಸಿಕೊಂಡಿದ್ದೇವೆ.

ಉಳಿದವು ಜೆ.ಇ.ಇ. ಮೇನ್ ಮತ್ತು ಮಹಾರಾಷ್ಟ್ರದ ಸಿ.ಇ.ಟಿ. ಎನ್.ಐ.ಟಿ.ಗಳಿಗೆ ಮೊದಲನೆಯದೇ ಹೆಬ್ಬಾಗಿಲು, ಐ.ಐ.ಟಿ.ಗೆ ಮೊದಲ ಮೆಟ್ಟಿಲು. ಎರಡನ್ನೂ ಬರೆದರೆ ನಷ್ಟವೇನೆಂದು ಭಟ್ಟರು ಕೇಳಿದರು. ಜೆ.ಇ.ಇ.ಯಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆಯುತ್ತಾರೆ. ಮಹಾರಾಷ್ಟ್ರದ್ದರಲ್ಲಿ ಕಳೆಯುವ ಪದ್ಧತಿಯೇ ಇಲ್ಲ. ಒಂದಕ್ಕೆ ಸಂಶಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸ ಬೇಕು, ಇನ್ನೊಂದಕ್ಕೆ ಯಾವುದನ್ನೂ ಬಿಡದ ಅಭ್ಯಾಸ. ಗುರುವಿಲ್ಲದೆ ಓದುವವಳಿಗೆ ಈ ಎರಡು ದೋಣಿಯ ಪಯಣ ಕಷ್ಟವೆಂದು ನಮಗೆ ತೋರಿತು. ಅದಲ್ಲದೆ ಮಹಾರಾಷ್ಟ್ರದ ಪರೀಕ್ಷೆಯ ಪಾಠಗಳು ರಾಜ್ಯಮಂಡಳಿಯ ಪಠ್ಯಕ್ರಮದವು. ಸುಮಾರು ನೂರಕ್ಕೆ 80 ಪಾಲು ಹನ್ನೆರಡನೆಯ ತರಗತಿಯದು, 20 ಪಾಲು ಹನ್ನೊಂದನೆಯದು. ಕಾಲೇಜಿನ ಪರೀಕ್ಷೆಗೂ ಪ್ರವೇಶಕ್ಕೂ ಒಂದೇ ಪುಸ್ತಕವಾಯಿತು. ಹುಡುಗಿ ತಾನಾಗಿ ಅದನ್ನೇ ಆರಿಸಿದಳು.

ಪ್ರಶ್ನಪತ್ರಿಕೆಯ ಸ್ವರೂಪವನ್ನು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ 50ರಂತೆ 100 ಪ್ರಶ್ನೆ, 90 ನಿಮಿಷ, 100 ಅಂಕ. ಗಣಿತದಲ್ಲಿ 50 ಪ್ರಶ್ನೆ, 90 ನಿಮಿಷ, ತಲಾ 2ರಂತೆ 100 ಅಂಕ. ಅರ್ಧ ಅಂಕ ಗಣಿತಕ್ಕೇ ಮೀಸಲು! ಅವಳೋ ಅದುವರೆಗೆ ತನಗೆ ಪ್ರಿಯವಾದ ರಸಾಯನಶಾಸ್ತ್ರವನ್ನೇ ತಿರುತಿರುಗಿ ಓದುತ್ತಿದ್ದಳು.

ಊಟದ ಗದ್ದಲ ಮುಗಿದ ಮೇಲೆ ಹೊಟೇಲಿನ ಅಟ್ಟದ ಮೇಜೊಂದನ್ನು ಅವಳಿಗೆ ಬಿಟ್ಟುಕೊಟ್ಟೆವು. ಒಂದು ಖಾಲಿ ವಹಿಯನ್ನೂ ಕೊಟ್ಟು, ನಾವು ಗಿರಾಕಿಗಳ ಬಾಕಿ ಬರೆಯುವಂತೆ ತಪ್ಪಿದ ಉತ್ತರಗಳನ್ನು ಬರೆದಿಡಲು ಹೇಳಿದೆವು. ತಾರೀಖು, ಪ್ರಶ್ನೆ, ತಪ್ಪಿದ್ದೇಕೆ. ಪುಸ್ತಕ ಮುಚ್ಚಿ ಎರಡು ಬೇರೆ ದಿನ ಸರಿಯಾಗಿ ಮಾಡಿದ ಮೇಲೆಯೇ ಬಾಕಿಯನ್ನು ಹೊಡೆದುಹಾಕಬೇಕು. ಹಳೆಯ ಪ್ರಶ್ನೆಗಳನ್ನು ಗಡಿಯಾರವಿಟ್ಟುಕೊಂಡೇ ಬಿಡಿಸುತ್ತಾಳೆ. ತನಗೆ ಬಗೆಹರಿಯದವನ್ನು ಗುರುತು ಮಾಡಿಟ್ಟು ಕಾಲೇಜಿನ ಅಧ್ಯಾಪಕರೊಬ್ಬರನ್ನು ಶನಿವಾರ ಕೇಳುತ್ತಾಳೆ; ಕೇಳಲು ಒಬ್ಬರಾದರೂ ಇಲ್ಲದ ಸ್ವಂತ ಓದು ಕುರುಡುನಡಿಗೆಯಾದೀತು. ತಾನಾಗಿ ಮೇಜಿಗೆ ಕುಳಿತುಕೊಳ್ಳದ ಮಕ್ಕಳಿಗೆ ಕ್ಲಾಸು ಉಪಕಾರಿಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮೇಲೆ. ಹುಡುಗಿಗೆ ಮೊಬೈಲಿನ ಹೊರತು ಬೇರೆ ಅಭ್ಯಾಸವಿರಲಿಲ್ಲ. ಭಟ್ಟರು ಕೊನೆಗೆ ಮುಂಗಡವೆಂದು ಪಡೆದದ್ದು ಹಳೆಯ ಕಂಪ್ಯೂಟರೊಂದರ ಬೆಲೆ ಮಾತ್ರ. ಅದೂ ಅಟ್ಟದ ಮೇಜಿನ ಮೇಲೆಯೇ ಇದೆ. ವಹಿಯಲ್ಲಿ ಗಣಿತದ ಬಾಕಿ ಇನ್ನೂ 37 ಉಳಿದಿದೆಯೆಂದು ಮೊನ್ನೆ ತೋರಿಸಿದಳು.