ಏರಿಕೆಯ ವೇಗ ಮತ್ತು ಟ್ರಿಗರ್ ಸನ್ನೆ: ಮಾಡ್ಯುಲರ್ ವಿದ್ಯುತ್ ಪೂರೈಕೆಯ ಕ್ರಮ
ಒಂದೇ ಚಿಪ್‌ಗೆ ಹಲವು ವೋಲ್ಟೇಜುಗಳು ಬೇಕಾದಾಗ, ಅವು ಕ್ರಮ ತಪ್ಪಿ ಏರಿದರೆ ಚಿಪ್ ಹಾಳಾಗುವ ಸಂಭವವುಂಟು. ಆದುದರಿಂದ ಒಂದೇ ಚೌಕಟ್ಟಿನಲ್ಲಿ 4 ಮಾಡ್ಯೂಲುಗಳನ್ನು ಹೊಂದಬಲ್ಲ ಕೀಸೈಟ್ ಎನ್6700 ಶ್ರೇಣಿಯ ಪೂರೈಕೆಗಳಲ್ಲಿ ಏರಿಕೆಯ ವೇಗವನ್ನೂ ಆರಂಭದ ಸನ್ನೆಯನ್ನೂ ಬೇರೆಬೇರೆಯಾಗಿ ಗೊತ್ತುಪಡಿಸಲಾಗುತ್ತದೆ. ವೇಗವನ್ನು ‘ಸ್ಲೂ’ ಆದೇಶವು ನಿಗದಿಗೊಳಿಸುತ್ತದೆ. ಸೊನ್ನೆಯಿಂದ 3.3 ವೋಲ್ಟಿಗೂ 1.2 ವೋಲ್ಟಿಗೂ 10 ಮಿಲಿಸೆಕೆಂಡಿನಲ್ಲಿ ಒಟ್ಟಿಗೆ ತಲುಪಬೇಕಾದರೆ ಅದರ ಬೆಲೆ ಕ್ರಮವಾಗಿ ಸೆಕೆಂಡಿಗೆ 330 ಮತ್ತು 120 ವೋಲ್ಟ್.

ಬಳಿಕ ಪ್ರತಿ ಮಾಡ್ಯೂಲಿಗೂ ‘ಸ್ಟೆಪ್’ ವಿಧಾನ, ಗುರಿಯ ವೋಲ್ಟೇಜ್ ಹಾಗೂ ಟ್ರಿಗರ್‌ನ ಮೂಲವನ್ನು ಸೂಚಿಸಿ, ‘ಇನಿಷಿಯೇಟ್’ ಆದೇಶದಿಂದ ಅದನ್ನು ಕಾಯುವ ಸ್ಥಿತಿಗೆ ತರಬೇಕು. ಸಿದ್ಧವಾಗಿರುವ ಮಾಡ್ಯೂಲುಗಳೆಲ್ಲವೂ ಒಂದೇ ಸನ್ನೆಗೆ ಏಕಕಾಲದಲ್ಲಿ ಹೊರಡುತ್ತವೆ. ಸಿದ್ಧವಿಲ್ಲದ್ದು ಸನ್ನೆಯನ್ನು ಲಕ್ಷಿಸದೆ ಹಿಂದುಳಿಯುತ್ತದೆ. ಏಕಕಾಲತೆಯು ಸನ್ನೆಗಿಂತ ಮಿಗಿಲಾಗಿ ಈ ಪೂರ್ವಸಿದ್ಧತೆಯನ್ನೇ ಅವಲಂಬಿಸಿದೆ.